ಕಲ್ಲು ಹೇರಿದ ಗಾಡಿ: ವಿದ್ಯುತ್ ಪಿಕಪ್ ಟ್ರಕ್ಕಿನ ಓಟ ಮತ್ತು ಹಿಡಿತ

ವೇದಿಕೆಯ ಮೇಲಿರುವ ಹಿರಿಯರಿಗೆ, ಮೆಕ್ಯಾನಿಕಲ್ ವಿಭಾಗದ ವಿದ್ಯಾರ್ಥಿಗಳಿಗೆ ನಮಸ್ಕಾರ.

ನಿಮ್ಮಲ್ಲಿ ಹಳ್ಳಿಯಿಂದ ಬಂದವರು ಎರಡು ಎತ್ತಿನ ಗಾಡಿಗಳನ್ನು ನೆನಪಿಸಿಕೊಳ್ಳಿ. ಒಂದರಲ್ಲಿ ಹುಲ್ಲು ಹೇರಿದೆ, ಇನ್ನೊಂದರಲ್ಲಿ ಸೈಜುಗಲ್ಲು. ಭಾರವೆಲ್ಲ ಎತ್ತರದಲ್ಲಿರುವುದರಿಂದ ಹುಲ್ಲಿನ ಗಾಡಿ ತಿರುವಿನಲ್ಲಿ ವಾಲುತ್ತದೆ. ಕಲ್ಲಿನ ಗಾಡಿ ಅಲುಗಾಡುವುದಿಲ್ಲ. ಆದರೆ ಇಳಿಜಾರು ಬಂದಾಗ ಅದನ್ನು ತಡೆದು ನಿಲ್ಲಿಸುವಷ್ಟರಲ್ಲಿ ಎತ್ತುಗಳಿಗೆ ಸಾಕುಸಾಕಾಗುತ್ತದೆ. ಅಮೆರಿಕದ ರಸ್ತೆಗಳಲ್ಲಿ ಈಗ ಓಡುತ್ತಿರುವ ವಿದ್ಯುತ್ ಪಿಕಪ್ ಟ್ರಕ್ಕು ಈ ಕಲ್ಲಿನ ಗಾಡಿಯ ಜಾತಿಯದು.

ರಿವಿಯನ್ ಕಂಪನಿಯ ಆರ್‌1ಟಿಯನ್ನೇ ತೆಗೆದುಕೊಳ್ಳೋಣ. ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಿನ ಕಾರ್ಖಾನೆಯಲ್ಲಿ ತಯಾರಾಗಿ 2021ರಲ್ಲಿ ಗ್ರಾಹಕರ ಕೈಸೇರಿದ ಟ್ರಕ್ಕು ಇದು. ಮೊದಲ ಮಾದರಿಗೆ ನಾಲ್ಕು ಮೋಟಾರು, 835 ಅಶ್ವಶಕ್ತಿ. ತೂಕ ಸುಮಾರು 3,200 ಕೆ.ಜಿ., ಅಂದರೆ ನಮ್ಮ ಹಳೇ ಮಾರುತಿ 800 ಕಾರು ಐದು ಸೇರಿದಷ್ಟು. ನಿಂತಲ್ಲಿಂದ ಗಂಟೆಗೆ 96 ಕಿ.ಮೀ. ವೇಗ ಮುಟ್ಟಲು ಇದಕ್ಕೆ ಮೂರೇ ಸೆಕೆಂಡು ಸಾಕು. ಲೆಕ್ಕ ಹಾಕಿದರೆ ಸರಾಸರಿ ವೇಗವರ್ಧನೆ ಗುರುತ್ವದ ಹತ್ತನೇ ಒಂಬತ್ತರಷ್ಟು. ಟಯರು ಡಾಂಬರಿನ ಮೇಲೆ ಕೊಡಬಲ್ಲ ಹಿಡಿತ ಹೆಚ್ಚುಕಡಿಮೆ ಅಷ್ಟೇ. ಅಂದರೆ ಇಲ್ಲಿ ಮೋಟಾರಿಗೆ ಶಕ್ತಿ ಸಾಲದು ಎಂಬ ಮಾತೇ ಬರುವುದಿಲ್ಲ; ಮೊದಲು ಕೈಚೆಲ್ಲುವುದು ರಬ್ಬರು.

ಮಿಶಿಗನ್‌ನಲ್ಲಿರುವ ನನ್ನ ಅಳಿಯ ಇಂಥದ್ದೊಂದು ಟ್ರಕ್ಕಿನಲ್ಲಿ ನನ್ನನ್ನು ಕೂರಿಸಿಕೊಂಡು ಹೋಗಿದ್ದರು. ಹೆದ್ದಾರಿಗೆ ಸೇರುವ ವೃತ್ತಾಕಾರದ ಇಳಿದಾರಿ. "ಮಾವ, ತಲೆ ಹಿಂದಕ್ಕೆ ಒರಗಿಸಿ ಕೂತ್ಕೊಳ್ಳಿ" ಅಂದರು. ಆಕ್ಸಿಲರೇಟರ್ ಒತ್ತಿದರು. ಕತ್ತು ಸೀಟಿಗೆ ಅಂಟಿಕೊಂಡಿತು. ಆದರೆ ನನ್ನನ್ನು ಬೆರಗಾಗಿಸಿದ್ದು ಆ ತಳ್ಳುವಿಕೆಗಿಂತ ಅದರ ನಂತರದ ತಿರುವು. ಬಾಗಿಲ ಗೂಡಿನಲ್ಲಿಟ್ಟಿದ್ದ ಅರ್ಧ ಖಾಲಿ ನೀರಿನ ಬಾಟಲಿಯಲ್ಲಿ ನೀರು ಒಂದು ಪಕ್ಕಕ್ಕೆ ಏರಿ ಓರೆಯಾಗಿ ನಿಂತಿತ್ತು, ಕ್ಯಾಬಿನ್ ಮಾತ್ರ ಚಪ್ಪಟೆಯಾಗಿಯೇ ಇತ್ತು. ಎಂಜಿನ್ನಿನ ಗರ್ಜನೆಯಿಲ್ಲ, ಗೇರು ಬದಲಿಸಿದ ಜರ್ಕಿಲ್ಲ, ವಾಲುವಿಕೆಯಿಲ್ಲ. ಎಷ್ಟು ವೇಗದಲ್ಲಿದ್ದೇವೆ ಎಂದು ಹೇಳುತ್ತಿದ್ದುದು ಆ ನೀರೊಂದೇ.

ಇದರ ಹಿಂದಿನ ಕೆಲಸ ಸೊಗಸಾದದ್ದು. ಬ್ಯಾಟರಿ ನೆಲಹಾಸಿನಡಿ ಇರುವುದರಿಂದ ಗುರುತ್ವಕೇಂದ್ರ ಕೆಳಗಿದೆ. ಸಾಮಾನ್ಯ ವಾಹನಗಳಲ್ಲಿ ವಾಲುವಿಕೆ ತಡೆಯಲು ಎಡಬಲ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳಿರುತ್ತದೆ. ಆರ್‌1ಟಿಯಲ್ಲಿ ಅದರ ಬದಲು ಡ್ಯಾಂಪರುಗಳನ್ನು, ಅಂದರೆ ಚಕ್ರದ ಕುಲುಕಾಟವನ್ನು ತಗ್ಗಿಸುವ ಶಾಕ್ ಅಬ್ಸಾರ್ಬರುಗಳನ್ನು, ಎಣ್ಣೆಯ ಕೊಳವೆಗಳಿಂದ ಪರಸ್ಪರ ಕೂಡಿಸಿದ್ದಾರೆ. ಹಳ್ಳದಿಣ್ಣೆಯಲ್ಲಿ ಚಕ್ರಗಳು ಸ್ವತಂತ್ರವಾಗಿ ಏರಿಳಿಯುತ್ತವೆ, ತಿರುವಿನಲ್ಲಿ ಎಣ್ಣೆಯ ಒತ್ತಡ ಏರಿ ಟ್ರಕ್ಕಿನ ದೇಹ ನೆಟ್ಟಗಿರುತ್ತದೆ. ಜೊತೆಗೆ ಚಕ್ರಕ್ಕೊಂದು ಮೋಟಾರು ಇರುವುದರಿಂದ ಹೊರಬದಿಯ ಚಕ್ರಕ್ಕೆ ಹೆಚ್ಚು ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಟ್ಟು ಮೂತಿಯನ್ನು ತಿರುವಿನ ಒಳಕ್ಕೆ ತಿರುಗಿಸಬಹುದು. ಟೆಸ್ಲಾದ ಸೈಬರ್‌ಟ್ರಕ್ ಇನ್ನೊಂದು ದಾರಿ ಹಿಡಿದಿದೆ: ಸ್ಟೇರಿಂಗಿಗೂ ಚಕ್ರಕ್ಕೂ ನಡುವೆ ಕಬ್ಬಿಣದ ಕೊಂಡಿಯೇ ಇಲ್ಲ, ವಿದ್ಯುತ್ ಸಂಕೇತವಷ್ಟೇ. ಹಿಂದಿನ ಚಕ್ರಗಳೂ ತಿರುಗುತ್ತವೆ. ನಿಧಾನವಾಗಿ ಹೋಗುವಾಗ ಮುಂದಿನವಕ್ಕೆ ವಿರುದ್ಧವಾಗಿ, ವೇಗದಲ್ಲಿ ಅದೇ ದಿಕ್ಕಿಗೆ.

ಆದರೆ ಎಣ್ಣೆ ಕೊಳವೆಯಾಗಲಿ ಸಾಫ್ಟ್‌ವೇರ್ ಆಗಲಿ ತೂಕವನ್ನು ಇಳಿಸಲಾರವು. ಭಾರ ಇಮ್ಮಡಿಯಾದರೆ ಟಯರಿನ ಹಿಡಿತ ಇಮ್ಮಡಿಗಿಂತ ಕಡಿಮೆ ಹೆಚ್ಚುತ್ತದೆ. ಇದು ರಬ್ಬರಿನ ಗುಣ. ಹಾಗಾಗಿ ಭಾರದ ಟ್ರಕ್ಕು ಎಷ್ಟು ನೆಟ್ಟಗೆ ನಿಂತರೂ ಕೊನೆಗೆ ಹೊರಕ್ಕೆ ಜಾರುತ್ತದೆ, ಅದೂ ಚಾಲಕನಿಗೆ ಹೆಚ್ಚು ಮುನ್ಸೂಚನೆ ಕೊಡದೆ. ವಾಲುವಿಕೆ ಎಂಬುದು ದೋಷವಷ್ಟೇ ಆಗಿರಲಿಲ್ಲ, ನಮ್ಮ ಮೈಗೆ ತಿಳಿಯುವ ಒಂದು ಭಾಷೆಯೂ ಆಗಿತ್ತು ಎಂಬುದು ನನ್ನ ಅನಿಸಿಕೆ. ವಿನ್ಯಾಸಕಾರರು ಅದನ್ನು ಅಳಿಸುವಾಗ ಬದಲಿಗೆ ಏನು ಕೊಡುತ್ತೇವೆ ಎಂದು ಯೋಚಿಸಬೇಕು.

ಬ್ರೇಕಿನ ಮಾತೂ ಅಷ್ಟೇ. ಮೋಟಾರನ್ನೇ ಜನರೇಟರ್ ಮಾಡಿ ವೇಗ ಇಳಿಸುವುದು ದಿನನಿತ್ಯಕ್ಕೆ ಚೆನ್ನ. ಬ್ಯಾಟರಿ ತುಂಬಿದ್ದರೆ, ಇಲ್ಲವೇ ಚಳಿಗೆ ತಣ್ಣಗಾಗಿದ್ದರೆ ಅದು ಆ ಶಕ್ತಿಯನ್ನು ಪೂರ್ತಿ ನುಂಗಲಾರದು. ಆಗ ಭಾರವೆಲ್ಲ ಡಿಸ್ಕು ಪ್ಯಾಡುಗಳ ಮೇಲೆ.

2023ರ ಅಕ್ಟೋಬರಿನಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ರಸ್ತೆಬದಿ ಸುರಕ್ಷತಾ ಕೇಂದ್ರದವರು ಲಿಂಕನ್ ನಗರದಲ್ಲಿ ಒಂದು ಪರೀಕ್ಷೆ ಮಾಡಿದರು. ಆರ್‌1ಟಿಯನ್ನು ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ಹೆದ್ದಾರಿಯ ಉಕ್ಕಿನ ತಡೆಬೇಲಿಗೆ ಓರೆಯಾಗಿ ನುಗ್ಗಿಸಿದರು. ಟ್ರಕ್ಕು ಬೇಲಿಯನ್ನು ಹರಿದುಕೊಂಡು ಆಚೆ ಹೋಯಿತು. ವೇಗ ತಗ್ಗಿದ್ದೇ ಅಷ್ಟಕ್ಕಷ್ಟೆ. ಹಿಂದಿದ್ದ ಕಾಂಕ್ರೀಟು ತಡೆಗೆ ಗುದ್ದಿದ ಮೇಲೆಯೇ ನಿಂತದ್ದು. ಆ ಬೇಲಿಯನ್ನು ರೂಪಿಸಿದ್ದು ಸುಮಾರು 2,270 ಕೆ.ಜಿ.ವರೆಗಿನ ವಾಹನಗಳಿಗೆ. ಟ್ರಕ್ಕು ಕೊಂಡವನು ಆ ಬೇಲಿಯನ್ನು ಕೊಂಡಿರುವುದಿಲ್ಲ. ಅದು ಎಲ್ಲರ ತೆರಿಗೆಯ ದುಡ್ಡಿನದು, ಅದರಾಚೆ ಎದುರಿನಿಂದ ಬರುವ ಸಣ್ಣ ಕಾರಿನಲ್ಲಿ ಬೇರೆ ಯಾರದೋ ಮಕ್ಕಳು ಕೂತಿರುತ್ತಾರೆ.

ಈಗ ಬೋರ್ಡಿನ ಮೇಲೆ 3,200 ಎಂದು ಬರೆಯುತ್ತೇನೆ. 100 ಕಿ.ಮೀ. ವೇಗದಲ್ಲಿ ಇದರ ಚಲನಶಕ್ತಿ ಸುಮಾರು 12 ಲಕ್ಷ ಜೂಲ್. ವೇಗ 160 ಆದರೆ ಎಷ್ಟು, ಅದನ್ನು ನಾಲ್ಕು ಡಿಸ್ಕುಗಳಿಗೆ ಹಂಚಿದರೆ ಒಂದೊಂದೂ ಎಷ್ಟು ಕಾಯುತ್ತದೆ ಎಂದು ನಿಮ್ಮ ಪುಸ್ತಕದಲ್ಲಿ ಹಾಕಿ ನೋಡಿ. ಐದು ನಿಮಿಷ ಕಾಯುತ್ತೇನೆ.