ಒಂದು ಮಟ್ಟು, ಮೂರು ಹೆಸರು

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಮಟ್ಟಿನ ಬಗ್ಗೆ ಮಾತಾಡುತ್ತೇನೆ. ಐರ್ಲೆಂಡಿನ ಒಂದು ಜಿಗ್. 'ಮಾರಿಸನ್ಸ್ ಜಿಗ್' ಅಂತ ಹೆಸರು. ಐರಿಶ್ ಪಿಟೀಲು ಕಲಿಯುವವರಿಗೆ ಮೊದಮೊದಲೇ ಸಿಗುವ ಮಟ್ಟುಗಳಲ್ಲಿ ಇದೂ ಒಂದು.

ಜಿಗ್ ಅಂದರೆ ಕುಣಿತದ ಮಟ್ಟು. ಲೆಕ್ಕ ಆರು, ಮೂರು ಮೂರಾಗಿ ಒಡೆಯುತ್ತದೆ. ತಕಿಟ ತಕಿಟ ಅಂತ ಬಾಯಲ್ಲಿ ಹೇಳಿಕೊಂಡರೆ ನಡೆ ಸಿಕ್ಕಿಬಿಡುತ್ತದೆ. ಇದು ಕೂರುವುದು 'ಇ' ಸ್ವರದ ಮೇಲೆ. ಅದನ್ನೇ ಷಡ್ಜ, ಅಂದರೆ ಸಾ, ಅಂದುಕೊಂಡರೆ ಉಳಿದ ಸ್ವರಗಳು ನಮ್ಮ ಖರಹರಪ್ರಿಯ ರಾಗದವೇ. ಶುರು ಹೀಗೆ: ಸಾ ಪಾ, ಸಪಸ ಮರಿನಿ, ಸನಿಸ ಪಾ, ನಿದಪ ಮರಿನಿ. 'ಮರಿನಿ', 'ಸನಿಸ' ಎರಡರಲ್ಲೂ ನಿ ಕೆಳಗಿನದು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಹೆಸರಿಗೆ ಬರೋಣ. ಜೇಮ್ಸ್ ಮಾರಿಸನ್ 1893ರಲ್ಲಿ ಸ್ಲೈಗೋ ಕೌಂಟಿಯಲ್ಲಿ ಹುಟ್ಟಿದ ಪಿಟೀಲು ವಾದಕರು. ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ನೆಲೆ ನಿಂತರು. ಅಲ್ಲಿ ಎಷ್ಟು ಜನಕ್ಕೆ ಕಲಿಸಿದರೆಂದರೆ 'ಪ್ರೊಫೆಸರ್' ಅಂತಲೇ ಕರೆಯುತ್ತಿದ್ದರು. ಆದರೆ ಈ ಮಟ್ಟು ಅವರದ್ದಲ್ಲ! ಅವರ ಜೊತೆ ಅಕಾರ್ಡಿಯನ್ ನುಡಿಸುತ್ತಿದ್ದ ಟಾಮ್ ಕಾರ್ಮೊಡಿ ಕೆರಿ ಕೌಂಟಿಯವರು, ಅವರಿಂದ ಮಾರಿಸನ್ ಕಲಿತದ್ದು. ಟಾಮ್‌ಗೆ ಅದು ಬಂದದ್ದು ಅಪ್ಪ ಮಾರಿಸ್ ಕಾರ್ಮೊಡಿಯಿಂದ. ಟಾಮ್ ಬಾಯಲ್ಲಿ ಅದರ ಹೆಸರೇ ಬೇರೆ, 'ದಿ ಸ್ಟಿಕ್ ಅಕ್ರಾಸ್ ದಿ ಹಾಬ್', ಅಂದರೆ ಒಲೆಕಟ್ಟೆಯ ಮೇಲೆ ಅಡ್ಡ ಇಟ್ಟ ಕೋಲು. 1936ರಲ್ಲಿ ಇಬ್ಬರೂ ಸೇರಿ ರೆಕಾರ್ಡ್ ಮಾಡಿದಾಗ ಇಟ್ಟ ಹೆಸರು 'ಮಾರಿಸ್ ಕಾರ್ಮೊಡೀಸ್ ಫೇವರಿಟ್'. ಅಪ್ಪನ ಹೆಸರು ಇಟ್ಟಿದ್ದರು. ಜನ ರೆಕಾರ್ಡ್ ಕೇಳಿ ಕಲಿತರು, ನುಡಿಸಿದವರ ಹೆಸರನ್ನೇ ಮಟ್ಟಿಗೆ ಅಂಟಿಸಿದರು, ಅಪ್ಪನ ಹೆಸರು ಬಿದ್ದುಹೋಯಿತು. ನನಗೆ ಇದು ನಿಜವಾಗಿ ಬೇಜಾರಿನ ವಿಷಯ.

ಹಾಗಾಗಿ ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ. ಷಿಕಾಗೋದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1,850 ಮಟ್ಟುಗಳ ಪುಸ್ತಕ ತಂದರು. ಅದರಲ್ಲಿ 'ಮಾರಿಸನ್ಸ್' ಅಂತ ಹುಡುಕಿದರೆ ಹೇಗೆ ಸಿಗಬೇಕು? ಮಾರಿಸನ್ ಆಗ ಹತ್ತು ವರ್ಷದ ಹುಡುಗ. ಹುಡುಕಬೇಕಾದ್ದು ಸ್ವರಗಳನ್ನು. ಬ್ರೆಂಡಾನ್ ಬ್ರನಾಕ್ ಎಂಬ ಸಂಗ್ರಾಹಕರು, ಡಬ್ಲಿನ್‌ನವರು, ಮಟ್ಟಿನ ಶುರುವಿನಲ್ಲಿ ಒತ್ತು ಬೀಳುವ ಸ್ವರಗಳನ್ನಷ್ಟೇ ಅಂಕಿಗಳಾಗಿ ಬರೆದು ಕಾರ್ಡುಗಳಲ್ಲಿ ಜೋಡಿಸಿದ್ದರು. ನಮ್ಮ ಮಟ್ಟಿಗೆ ಅದೇ ಉಪಾಯ ಹಾಕಿ ನೋಡಿ: ಸಪ, ಸಮ, ಸಪ, ನಿಮ. ಹೆಸರು ಏನೇ ಇರಲಿ, ಈ ಎಂಟು ಸ್ವರ ಹಿಡಿದು ಹೋದರೆ ಇದರ ಅಣ್ಣತಮ್ಮಂದಿರು, ಅಂದರೆ ಇದನ್ನು ಹೋಲುವ ಮಟ್ಟುಗಳು, ಸಿಗುತ್ತಾರೆ.

ಇನ್ನು ಬರೆದಿಟ್ಟ ಸ್ವರಲಿಪಿ. ಓನೀಲ್ ಅವರಿಗೆ ಮಟ್ಟುಗಳು ಬಾಯಿಪಾಠ, ಲಿಪಿ ಬರೆದುಕೊಟ್ಟವರು ಜೇಮ್ಸ್ ಓನೀಲ್ ಅಂತ ಇನ್ನೊಬ್ಬರು. ಸಂಬಂಧಿಕರಲ್ಲ, ಮನೆತನದ ಹೆಸರು ಮಾತ್ರ ಒಂದೇ. ಇಂಥ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಟ್ಟಿನ ಎಲುಬು. ನಮ್ಮ ಮೊದಲ 'ಸಾ' ತೆಗೆದುಕೊಳ್ಳಿ. ಹಾಳೆಯ ಮೇಲೆ ಅದು ಮೂರು ಎಣಿಕೆಯ ಒಂದೇ ಉದ್ದ ಸ್ವರ. ಪಿಟೀಲಿನಲ್ಲಿ ಅದನ್ನು ರೋಲ್ ಮಾಡಿದರೆ ಸಾ ಹಿಡಿದು, ಬೆರಳಿನಿಂದ ಮೇಲೆ ಒಂದು ಚಿಟಿಕೆ ಮುಟ್ಟಿ, ಮತ್ತೆ ಸಾ, ಕೆಳಗೆ ಒಂದು ತಟ್ಟು, ಮತ್ತೆ ಸಾ. ಇಷ್ಟೆಲ್ಲ ಆ ಮೂರು ಎಣಿಕೆಯೊಳಗೇ ಮುಗಿಯಬೇಕು. ಬರೀ ಲಿಪಿ ನೋಡಿ ನುಡಿಸಿದವರಿಗೆ ಇದು ಗೊತ್ತೇ ಆಗುವುದಿಲ್ಲ, ಗಮಕ ಬಿಟ್ಟು ವರ್ಣ ಹಾಡಿದ ಹಾಗೆ, ಅಲ್ವಾ?

ಹಾಗಂತ ರೆಕಾರ್ಡನ್ನೂ ಸುಮ್ನೆ ನಂಬಬೇಡಿ. 78 ಆರ್‌ಪಿಎಂ, ಅಂದರೆ ತಟ್ಟೆ ನಿಮಿಷಕ್ಕೆ 78 ಸಲ ತಿರುಗಬೇಕು, ಅಂತ ಬರೆದಿದ್ದರೂ ಆ ಕಾಲದ ರೆಕಾರ್ಡುಗಳ ವೇಗ ಹೆಚ್ಚುಕಡಿಮೆ ಇರುತ್ತಿತ್ತು. ವೇಗ ಬದಲಾದರೆ ಶ್ರುತಿಯೂ ಜಾರುತ್ತದೆ. ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ. ಅಷ್ಟರಲ್ಲಿ ಮಟ್ಟು ಎರಡು ಮೂರು ಸುತ್ತು ಬರುತ್ತದೆ, ಒಳ್ಳೆಯ ವಾದಕರು ಪ್ರತಿ ಸುತ್ತಿಗೂ ಏನಾದರೂ ಬದಲಿಸುತ್ತಾರೆ. ಲಿಪಿ ಬರೆದವರು ಯಾವ ಸುತ್ತು ಕೇಳಿ ಬರೆದರು? ಇದನ್ನು ಹಾಳೆಯ ಮೂಲೆಯಲ್ಲಾದರೂ ಗುರುತು ಹಾಕಿದರೆ ಮುಂದಿನವರಿಗೆ ಎಷ್ಟೋ ಉಪಕಾರ. ಡಬ್ಲಿನ್‌ನಲ್ಲಿ 1987ರಲ್ಲಿ ಶುರುವಾದ ಐರಿಶ್ ಟ್ರೆಡಿಷನಲ್ ಮ್ಯೂಸಿಕ್ ಆರ್ಕೈವ್‌ನಲ್ಲಿ ರೆಕಾರ್ಡು, ಕೈಬರಹ, ಅಚ್ಚಾದ ಪುಸ್ತಕ ಎಲ್ಲವೂ ಒಂದೇ ಸೂರಿನಡಿ ಇವೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿ.

ನನ್ನ ಹಾಳೆಯ ಮೇಲೆ ಈಗ ಮೂರು ಹೆಸರನ್ನೂ ಬರೆದಿದ್ದೇನೆ, ಮಾರಿಸ್ ಕಾರ್ಮೊಡಿ ಎಲ್ಲಕ್ಕಿಂತ ಮೇಲೆ. ಬನ್ನಿ, 1936ರ ರೆಕಾರ್ಡನ್ನು ಎರಡು ಸಲ ಹಾಕುತ್ತೇನೆ. ಮೊದಲ ಸಲ ಪಿಟೀಲನ್ನು ಹಿಂಬಾಲಿಸಿ. ಎರಡನೇ ಸಲ ಅಕಾರ್ಡಿಯನ್ ಮಾತ್ರ ಕೇಳಿ.