ಕುಲುಮೆಯ ಗಂಟೆಗಳನ್ನು ಮಾರೋಣ

ಎಲ್ಲರಿಗೂ ನಮಸ್ಕಾರ. ನಮ್ಮ ಮೈಸೂರಿಗೆ ರೇಷ್ಮೆ ಗೊತ್ತು, ಬೀಟೆಮರದ ಕುಸುರಿ ಗೊತ್ತು. ಗಾಜು ಮಾತ್ರ ಹೊರಗಿನಿಂದ ಬಂದದ್ದು. ಅರಮನೆಯ ಕಲ್ಯಾಣಮಂಟಪದಲ್ಲಿ ಕತ್ತೆತ್ತಿ ನೋಡುತ್ತೀವಲ್ಲ, ಆ ನವಿಲಿನ ಗಾಜು ಗ್ಲಾಸ್ಗೋದ್ದು. ಇಲ್ಲಿ ಕೂತವರಲ್ಲಿ ಕೆಲವರು ಹವ್ಯಾಸಕ್ಕೆ ಗಾಜು ಊದುತ್ತೀರಿ. ಅದರಿಂದ ಹೊಟ್ಟೆ ತುಂಬುತ್ತದಾ ಎಂದು ಕೇಳುತ್ತೀರಿ. ಒಬ್ಬರೇ ಮಾಡಿದರೆ ಕಷ್ಟ, ಕೆಲವರು ಸೇರಿ ಒಂದೇ ಕಾರ್ಯಾಗಾರ ಹಂಚಿಕೊಂಡರೆ ಆಗಬಹುದು.

ಯಾಕೆ ಅಂದರೆ, ಮಾಮೂಲಿ ಗಾಜನ್ನು ಕರಗಿಸಲು 1100 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಶಾಖ ಬೇಕು. ಕುಲುಮೆಯನ್ನು ಸಂಜೆ ಆರಿಸಿ ಬೆಳಿಗ್ಗೆ ಹಚ್ಚುವಂತಿಲ್ಲ. ದಿನಾ ತಣ್ಣಗಾದರೆ ಗಾಜು ತುಂಬಿದ ಮೂಸೆ ಬಿರುಕು ಬಿಡುತ್ತದೆ. ನೀವು ಊದಿದರೂ ಅಷ್ಟೇ, ಮಲಗಿದರೂ ಅಷ್ಟೇ, ಗ್ಯಾಸ್ ಉರಿಯುತ್ತಲೇ ಇರುತ್ತದೆ. ಹೂದಾನಿ ಮಾರಿ ಕುಲುಮೆ ಸಾಕುವುದು ಆಗದ ಮಾತು. ಕುಲುಮೆಯ ಗಂಟೆಗಳನ್ನೇ ಮಾರಬೇಕು, ಅಂದರೆ ಊದುವವರಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಬೇಕು. ಹೇಗೂ ದೊಡ್ಡ ಪಾತ್ರೆ ಊದುವಾಗ ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು, ಅಲ್ವಾ?

1962ರಲ್ಲಿ ಅಮೆರಿಕದ ಟೊಲೆಡೊದಲ್ಲಿ ಕುಂಬಾರಿಕೆಯ ಮೇಷ್ಟ್ರು ಹಾರ್ವಿ ಲಿಟಲ್ಟನ್ ಸಣ್ಣ ಕುಲುಮೆ ಕಟ್ಟಿ ಕಲಾವಿದರನ್ನು ಸೇರಿಸಿದರು. ಮೊದಲು ಹಾಕಿದ ಗಾಜು ಕೆಲಸಕ್ಕೆ ಬರಲಿಲ್ಲ. ಗಾಜಿನ ಕಂಪನಿಯಲ್ಲಿದ್ದ ಡಾಮಿನಿಕ್ ಲಬೀನೊ ಸುಲಭವಾಗಿ ಕರಗುವ ಗಾಜಿನ ಗೋಲಿ ಕೊಟ್ಟ ಮೇಲೆ ಕೆಲಸ ಸಾಗಿತು. ಕಾರ್ಖಾನೆಯ ಗಾಜು ಸ್ಟುಡಿಯೊಗೆ ಬಂದದ್ದೇ ಹೀಗೆ, ನಾಲ್ಕು ಜನ ಸೇರಿ.

ಆದರೆ ನಾನು ಕುಲುಮೆಯಿಂದ ಶುರು ಮಾಡಿ ಎನ್ನುವುದಿಲ್ಲ. ಟಾರ್ಚ್ ಮೇಜುಗಳಿಂದ ಶುರು ಮಾಡಿ, ಅಂದರೆ ಗ್ಯಾಸ್ ಜ್ವಾಲೆಯಲ್ಲಿ ಗಾಜಿನ ಕಡ್ಡಿ ಕರಗಿಸುವ ಮೇಜು. ಬೊರೊಸಿಲಿಕೇಟ್ (ಲ್ಯಾಬ್ ಪಾತ್ರೆಗಳ, ಶಾಖ ತಡೆಯುವ ಗಾಜು) ಕಡ್ಡಿ, ಎಲ್‌ಪಿಜಿ, ಆಮ್ಲಜನಕ ಇದ್ದರೆ ಸಾಕು. ಕೆಲಸ ಮುಗಿದರೆ ಆರಿಸಬಹುದು. ಮನೆಯ ಸಿಲಿಂಡರ್ ತರಬೇಡಿ, ವ್ಯಾಪಾರಕ್ಕೆ ವಾಣಿಜ್ಯ ಸಿಲಿಂಡರೇ ಬೇಕು. ಜಾಗ ಹೆಬ್ಬಾಳ ಅಥವಾ ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಕಡೆ ನೋಡಿ. ಸರಸ್ವತಿಪುರಂನ ಮನೆ ಮಹಡಿಯಲ್ಲಿ ಬೆಂಕಿ ಹಚ್ಚಿದರೆ ಪಕ್ಕದ ಮನೆಯವರು ಸುಮ್ನೆ ಇರುತ್ತಾರಾ!

ಹಂಚಿಕೊಂಡ ಜಾಗದಲ್ಲಿ ಜಗಳ ಬರುವುದು ಬೆಂಕಿಗಲ್ಲ, ಗೂಡಿಗೆ. ಮಾಡಿದ ವಸ್ತುವನ್ನು ವಿದ್ಯುತ್ ಗೂಡಿನಲ್ಲಿಟ್ಟು ನಿಧಾನವಾಗಿ ತಣಿಸದಿದ್ದರೆ ಒಳಗೆ ಒತ್ತಡ ಉಳಿದು ಎಂದೋ ಒಂದು ದಿನ ಒಡೆಯುತ್ತದೆ. ಬೊರೊಸಿಲಿಕೇಟ್‌ಗೆ ಸುಮಾರು 560 ಡಿಗ್ರಿ, ಮಾಮೂಲಿ ಗಾಜಿಗೆ 500ರ ಆಸುಪಾಸು. ಒಬ್ಬರ ದೊಡ್ಡ ಹೂಜಿ ಇಡೀ ರಾತ್ರಿ ಗೂಡು ಹಿಡಿದರೆ ಉಳಿದವರು ಏನು ಮಾಡಬೇಕು? ಅದಕ್ಕೇ ಟಾರ್ಚಿಗೆ ಗಂಟೆ ಲೆಕ್ಕ, ಗೂಡಿಗೆ ಜಾಗದ ಲೆಕ್ಕ ಇಡಿ. ಈ ಎರಡು ಗಾಜನ್ನು ಸೇರಿಸಲು ಮಾತ್ರ ಯಾರನ್ನೂ ಬಿಡಬೇಡಿ. ಬಿಸಿಗೆ ಮಾಮೂಲಿ ಗಾಜು ಬೊರೊಸಿಲಿಕೇಟ್‌ನ ಸುಮಾರು ಮೂರು ಪಟ್ಟು ಹಿಗ್ಗುತ್ತದೆ, ತಣಿಯುವಾಗ ಬೆಸುಗೆ ಸೀಳುತ್ತದೆ.

ಪ್ರವಾಸಿಗರಿಗೆ ಮಣಿ ಮಾಡುವ ತರಗತಿ ನಡೆಸಿ. ಆದರೆ ಸಂಜೆ ರೈಲಿಗೆ ಹೋಗುವವರ ಕೈಗೆ ಮಣಿ ಸಿಗುವುದಿಲ್ಲ, ಅದು ಗೂಡಿನಲ್ಲಿರುತ್ತದೆ. ಕೊರಿಯರ್ ದುಡ್ಡನ್ನು ಶುಲ್ಕದಲ್ಲೇ ಸೇರಿಸಿ. ನನ್ನ ಕೇಳಿದರೆ ಇನ್ನೊಂದು ದಾರಿ ಗಟ್ಟಿ: ಮೈಸೂರು, ಮಂಡ್ಯದ ಕಾಲೇಜು ಲ್ಯಾಬುಗಳ ಮುರಿದ ಕಂಡೆನ್ಸರ್, ಫ್ಲಾಸ್ಕ್ ರಿಪೇರಿ. ಅದೂ ಬೊರೊಸಿಲಿಕೇಟೇ, ಅದೇ ಟಾರ್ಚು. ಚಂದದ ಕೆಲಸ ಅನ್ನಿಸದಿರಬಹುದು, ಬಾಡಿಗೆ ಕಟ್ಟಲು ಆಗುತ್ತದೆ.

ಮೇಜುಗಳು ವಾರವಿಡೀ ಭರ್ತಿಯಾಗಿ, ಕುಲುಮೆ ಬೇಕೆಂದವರು ಮುಂಗಡ ಕೊಟ್ಟ ಮೇಲೆ ಕುಲುಮೆ ಕಟ್ಟಿ. ಅದನ್ನೂ ವರ್ಷಪೂರ್ತಿ ಉರಿಸಬೇಡಿ. ದಸರಾಕ್ಕೆ ಎರಡು ತಿಂಗಳ ಮುಂಚೆ ಹಚ್ಚಿ, ಹಬ್ಬ ಮುಗಿದ ಮೇಲೆ ಗಾಜು ತೆಗೆದು ಮೆಲ್ಲಗೆ ಆರಿಸಿ. ಮೂಸೆ ಹೋದರೆ ಹೋಗಲಿ, ಮುಂದಿನ ವರ್ಷಕ್ಕೆ ಹೊಸದು ಹಾಕಿದರಾಯಿತು. ವರ್ಷವಿಡೀ ಗ್ಯಾಸ್ ಉರಿಸುವುದಕ್ಕಿಂತ ಅದೇ ಅಗ್ಗ.