ಪಿಲಿಕುಳ: ಕಾಳಿಂಗನ ಗಾಜಿನ ಮುಂದೆ

ಮಂಗಳೂರಿಂದ ವಾಮಂಜೂರು ದಾಟಿದ್ರೆ ಮೂಡುಶೆಡ್ಡೆ, ಅಲ್ಲೇ ಪಿಲಿಕುಳ. ತುಳುವಿನಲ್ಲಿ ಪಿಲಿ ಅಂದ್ರೆ ಹುಲಿ, ಕುಳ ಅಂದ್ರೆ ಕೆರೆ. ಹೆಸರಿಗೆ ತಕ್ಕ ಹಾಗೆ ಗೇಟು ದಾಟಿದವರೆಲ್ಲ ಹುಲಿ ಕಡೆಗೇ ಓಡ್ತಾರೆ. ಓಡಲಿ ಬಿಡಿ, ನಾವು ಹಾವಿನ ಕಡೆ ಹೋಗೋಣ. ಕಾಳಿಂಗ ಸರ್ಪದ ಸಂತಾನ ಬೆಳೆಸೋ ಕೆಲಸಕ್ಕೆ ಹೆಸರಾದ ಮೃಗಾಲಯ ಇದು.

ಫ್ಲ್ಯಾಶ್ ಆಫ್ ಮಾಡಿ, ಮೊಬೈಲನ್ನ ಗಾಜಿನ ತೀರಾ ಹತ್ತಿರ ಹಿಡೀರಿ. ಇಲ್ಲಾಂದ್ರೆ ಹಾವಿನ ಬದಲು ನಿಮ್ಮ ಮುಖವೇ ರೆಕಾರ್ಡ್ ಆಗುತ್ತೆ. ಗಾಜು ಮಾತ್ರ ತಟ್ಟಬೇಡಿ, ಆ ಅದುರು ಅದರ ಮೈಗೇ ತಟ್ಟುತ್ತೆ. ಹೆಡೆ ನೋಡಿ: ನಾಗರಹಾವಿನದಕ್ಕಿಂತ ಕಿರಿದು, ಉದ್ದ. ಕನ್ನಡಕದ ಗುರುತಿಲ್ಲ.

ಹಾವುಗಳಲ್ಲಿ ಎಲೆ ಒಟ್ಟಿ ಗೂಡು ಕಟ್ಟೋದು ಇದೊಂದೇ. ಮಳೆಗಾಲಕ್ಕೆ ಮುಂಚೆ ಹೆಣ್ಣು ಮೈಯಿಂದಲೇ ತರಗೆಲೆ ಎಳೆದು ಗುಡ್ಡೆ ಹಾಕಿ, ಒಳಗೆ ಸಾಮಾನ್ಯವಾಗಿ 20ರಿಂದ 40 ಮೊಟ್ಟೆ ಇಡುತ್ತೆ. ಮೇಲಿನ ಎಲೆ ಸೂರಿನ ಹಾಗೆ ನೀರು ಜಾರಿಸುತ್ತೆ, ಒಳಗಿಂದು ಕೊಳೆತು ಬೆಚ್ಚಗಿಡುತ್ತೆ.

ಪೆಟ್ಟಿಗೆಯಲ್ಲಿಟ್ಟು ಮರಿ ಮಾಡಿಸುವಾಗ ಕೆಡೋದು ಮೊಟ್ಟೆ ಎತ್ತುವಾಗಲೇ. ಕೋಳಿ ಮೊಟ್ಟೆಯನ್ನ ದಿನಾ ತಿರುಗಿಸಬೇಕು, ಹಾವಿನದನ್ನ ತಿರುಗಿಸಬಾರದು. ಭ್ರೂಣ ಬೇಗನೇ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತೆ, ಮಗುಚಿದ್ರೆ ಸತ್ತೇ ಹೋಗಬಹುದು. ಅದಕ್ಕೇ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು. ಶಾಖ 28 ಡಿಗ್ರಿ ಆಸುಪಾಸು ಇರಬೇಕು. ತೇವ ಕಮ್ಮಿಯಾದ್ರೆ ಮೊಟ್ಟೆ ಗುಳಿ ಬೀಳುತ್ತೆ, ಜಾಸ್ತಿಯಾದ್ರೆ ಬೂಷ್ಟು. ಮರಿಗಳನ್ನ ಒಟ್ಟಿಗಿಡೋ ಹಾಗೂ ಇಲ್ಲ; ಹಾವು ತಿನ್ನೋ ಹಾವು ತಾನೇ! ಇಲಿಮರಿ ಕೊಟ್ರೆ ಎಷ್ಟೋ ಸಲ ಮುಟ್ಟಲ್ಲ, ಬೇರೆ ಹಾವಿನ ವಾಸನೆ ಸವರಿ ಮೋಸ ಮಾಡಬೇಕು.

ಇಷ್ಟಾದ್ರೂ ನಿಜವಾದ ಸಂರಕ್ಷಣೆ ಇರೋದು ರಿಜಿಸ್ಟರ್‌ನಲ್ಲಿ: ಯಾವ ಹಾವು ಯಾವ ಕಾಡಿಂದು, ಯಾವ ಮರಿ ಯಾವ ಜೋಡಿಯದು. ಒಂದೇ ಜಾತಿ ಅಂದ್ಕೊಂಡಿದ್ದ ಕಾಳಿಂಗವನ್ನ 2024ರಲ್ಲಿ ವಿಜ್ಞಾನಿಗಳು ನಾಲ್ಕಾಗಿ ಬೇರ್ಪಡಿಸಿದ್ರು. ನಮ್ಮ ಪಶ್ಚಿಮಘಟ್ಟದ್ದರ ಹೆಸರು ಓಫಿಯೋಫೇಗಸ್ ಕಾಳಿಂಗ; ಕನ್ನಡದ ಹೆಸರೇ ವೈಜ್ಞಾನಿಕ ಹೆಸರಾಯ್ತು. ಮೂಲ ಬರೆದಿಡದೆ ಉತ್ತರದ ಹಾವಿನ ಜೊತೆ ಜೋಡಿ ಮಾಡಿಸಿದ್ರೆ, ಆ ಮರಿಗಳನ್ನ ಯಾವ ಕಾಡಿಗೆ ಬಿಡ್ತೀರಿ?

ಗುರುತು ಸುಲಭ: ನಮ್ಮದರ ಮೈಮೇಲೆ ತಿಳಿ ಪಟ್ಟೆಗಳು 40ರೊಳಗೆ, ಅಂಚಿಗೆ ಕಪ್ಪು ಗೆರೆ ಇರಲ್ಲ. ಹಾವು ಮೈ ಚಾಚಿ ಮಲಗಿದ್ರೆ ಎಣಿಸಿ. ಸುರುಳಿ ಸುತ್ತಿದ್ರೆ ಹುಲಿ ನೋಡ್ಕೊಂಡು ವಾಪಸ್ ಬನ್ನಿ.